ಮೂಲಾ ನಕ್ಷತ್ರ, ಎರಡು ಸುಳಿ, ವಶೀಕರಣ: ಯಾವುದನ್ನ ನಂಬಲಿ, ಯಾವುದನ್ನ ಬಿಡಲಿ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನವಳು. ವಯಸ್ಸು 27, ಖಾಸಗಿ ಶಾಲೆಯಲ್ಲಿ ಟೀಚರ್. ಎರಡು ಸಂಬಂಧ ಬಂದು ಮುರಿದವು. ನನಗೆ ಜಾತಕ ಬರೆಸಿಲ್ಲ. ಮೊದಲನೆಯವರು ನನ್ನ ಹೆಸರಿನ ಮೊದಲ ಅಕ್ಷರ 'ಭಾ' ಹಿಡಿದು ಪಂಚಾಂಗ ನೋಡಿಸಿ, ಮೂಲಾ ನಕ್ಷತ್ರ, ಮಾವನಿಗೆ ಆಗಿಬರಲ್ಲ ಎಂದರು. ಎರಡನೆಯವರು ದೇವರು ಹೂ ಕೊಡಲಿಲ್ಲ ಎಂದರು. ಕುಜದೋಷವೂ ಇರಬಹುದು, 21 ಸಾವಿರದ ಪೂಜೆ ಮಾಡಿಸಿ ಎಂದು ಒಬ್ಬರು ಅಮ್ಮನ ತಲೆಗೆ ಹಾಕಿದ್ದಾರೆ. ನನ್ನ ತಲೆಯಲ್ಲಿ ಎರಡು ಸುಳಿ ಇದೆ, ಎರಡು ಮದುವೆ ಯೋಗ ಎನ್ನುವವರೂ ಇದ್ದಾರೆ. ಅಜ್ಜಿ ಮಾತ್ರ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಬೆಳಗಿದರೆ ಸಾಕು ಅನ್ನುತ್ತಾರೆ. ಇದರ ನಡುವೆ ನನ್ನ ತಮ್ಮ, ಇಷ್ಟಪಟ್ಟ ಹುಡುಗಿ ಮಾತು ಬಿಟ್ಟಳು ಎಂದು ವಶೀಕರಣದವರಿಗೆ ಹಣ ಹಾಕಿದ್ದಾನೆ. ಇದೆಲ್ಲಾ ಮೂಢನಂಬಿಕೆಯೇ? ಅಥವಾ ಏನಾದರೂ ನಿಜ ಇದೆಯೇ?

ಉತ್ತರ: ನಿಮ್ಮ 'ಭಾ'ದಿಂದಲೇ ಶುರು ಮಾಡೋಣ. ಮೊದಲ ಸಂಬಂಧ ಮುರಿದದ್ದೇ ಆ ಒಂದು ಅಕ್ಷರದ ಮೇಲೆ ಅಲ್ವಾ?

ಪಂಚಾಂಗದಲ್ಲಿ ಒಂದು ಪಟ್ಟಿ ಇರುತ್ತದೆ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಪಾದ. ಪಾದಕ್ಕೊಂದು ಅಕ್ಷರ. ಅಶ್ವಿನಿಗೆ ಚು, ಚೆ, ಚೊ, ಲ. ಮೂಲಾಗೆ ಯೆ, ಯೊ, ಭ, ಭಿ. ಮಗು ಹುಟ್ಟಿದಾಗ ಚಂದ್ರ ಯಾವ ಪಾದದಲ್ಲಿದ್ದ ಎಂದು ನೋಡಿ, ಆ ಅಕ್ಷರದಿಂದ ಹೆಸರಿಡಲಿ ಎಂದು ಮಾಡಿದ ಪಟ್ಟಿ ಇದು. ಆರ್ದ್ರಾದ ಮೂರನೇ ಪಾದಕ್ಕೆ 'ಙ' ಇದೆ, ಹಸ್ತದ ಮೂರನೇ ಪಾದಕ್ಕೆ 'ಣ'. ಆ ಅಕ್ಷರದಿಂದ ಹೆಸರಿಟ್ಟುಕೊಂಡವರನ್ನ ನಾನಂತೂ ಕಂಡಿಲ್ಲ.

ಅಂದರೆ ಪಟ್ಟಿಯ ದಾರಿ ನಕ್ಷತ್ರದಿಂದ ಹೆಸರಿನ ಕಡೆಗೆ. ನಿಮ್ಮ ವಿಷಯದಲ್ಲಿ ಅದನ್ನ ಉಲ್ಟಾ ಓಡಿಸಿದ್ದಾರೆ. ಮನೆಯವರು ಇಷ್ಟಪಟ್ಟು ಇಟ್ಟ ಹೆಸರಿನಿಂದ ಹಿಂದಕ್ಕೆ ಹೋಗಿ ನಕ್ಷತ್ರ ಹುಡುಕಿದ್ದಾರೆ. ಹೆಸರುಬಲ ನೋಡೋದು ಅಂದರೆ ಇದೇ. ಜಾತಕ ಬರೆಸದ ಮನೆಗಳೇ ಜಾಸ್ತಿ ಇರುವ ನಮ್ಮ ಹಳ್ಳಿಗಳಲ್ಲಿ ಇದು ಸುಲಭದ ದಾರಿ. ಆದರೆ ನಮ್ಮಲ್ಲಿ ಎಷ್ಟೋ ಮಂದಿಗೆ ಮನೇಲೊಂದು ಹೆಸರು, ಸಾಲಿಯಲ್ಲೊಂದು ಹೆಸರು. ನಿಮ್ಮನ್ನ ಮನೆಯಲ್ಲಿ ಲಕ್ಷ್ಮಿ ಎಂದು ಕರೆಯುತ್ತಿದ್ದರೆ 'ಲ' ಹಿಡಿದು ಅಶ್ವಿನಿ ಎನ್ನುತ್ತಿದ್ದರು, ಮಾವನಿಗೆ ಏನೂ ಆಗುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿರುವ ಹೆಸರಿನಿಂದ ಒಬ್ಬ ಮುದುಕರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಬೇಕು ಎಂದರೆ ನನಗಂತೂ ಆಗುವುದಿಲ್ಲ. ಇನ್ನೊಂದು ಮಾತು. ಈ ಶಾಸ್ತ್ರ ಹೇಳುವವರಲ್ಲೇ ಹಲವರು ಮೂಲಾದ ದೋಷ ಮೊದಲ ಪಾದಕ್ಕೆ ಮಾತ್ರ ಎನ್ನುತ್ತಾರೆ. 'ಭ' ಬರುವುದು ಮೂರನೇ ಪಾದಕ್ಕೆ. ಅವರ ಲೆಕ್ಕದಲ್ಲೇ ನಿಮ್ಮ ಮೇಲಿನ ಆರೋಪ ನಿಲ್ಲುವುದಿಲ್ಲ.

ಹೋಗಲಿ, ನೀವು ನಿಜವಾಗಿ ಮೂಲಾದಲ್ಲೇ ಹುಟ್ಟಿದ್ದೀರಿ ಅಂತಲೇ ಇಟ್ಟುಕೊಳ್ಳೋಣ. ಚಂದ್ರ ಸುಮಾರು 27 ದಿನಕ್ಕೆ ಒಂದು ಸುತ್ತು ಬರುತ್ತಾನೆ, ಒಂದೊಂದು ನಕ್ಷತ್ರದಲ್ಲಿ ಹೆಚ್ಚುಕಡಿಮೆ ಒಂದು ದಿನ ಇರುತ್ತಾನೆ. ಹಾಗಾಗಿ 27 ಹೆಣ್ಣುಮಕ್ಕಳಲ್ಲಿ ಒಬ್ಬಳು ಮೂಲಾ. ಮೂಲಾ ಮಾವನಿಗೆ, ಆಶ್ಲೇಷಾ ಅತ್ತೆಗೆ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ ಎಂದು ಹಂಚಿಟ್ಟಿದ್ದಾರೆ. ನಾಲ್ಕನ್ನೂ ಕೂಡಿಸಿದರೆ ನೂರಕ್ಕೆ ಸುಮಾರು 15 ಹುಡುಗಿಯರು. ಒಂದು ಹಳ್ಳಿಯಲ್ಲಿ 540 ಸೊಸೆಯಂದಿರು ಇದ್ದರೆ 20 ಮಂದಿ ಮೂಲಾದವರು ಇರಲೇಬೇಕು. ಅವರ ಮಾವಂದಿರೆಲ್ಲ ಎಲ್ಲಿ ಹೋದರು? ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಿದ್ದಾರೆ. ಮಾವ ತೀರಿಕೊಂಡ ಮನೆಯಲ್ಲಿ ಸೊಸೆಯ ನಕ್ಷತ್ರ ಯಾವುದು ಎಂದು ಕೇಳುತ್ತಾರೆ. ಮಾವ ಗಟ್ಟಿಯಾಗಿರುವ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಈ ನಂಬಿಕೆ ಬದುಕಿರುವುದು ಹಾಗೆ.

ಈಗ ಎರಡನೇ ಸಂಬಂಧ. ದೇವರು ಹೂ ಕೊಡಲಿಲ್ಲ ಎಂದದ್ದು. ಇದು ನನಗೆ ತುಂಬ ಇಷ್ಟವಾದ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗುಡಿಗಳಲ್ಲಿ ಹೂ ಕೇಳುವುದನ್ನ ನೀವೂ ನೋಡಿರುತ್ತೀರಿ. ಪೂಜಾರಿ ಹೂವನ್ನೋ ಎಸಳನ್ನೋ ನೀರಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂರುತ್ತಾರೆ. ಹೂ ಯಾಕೆ ಬೀಳುತ್ತದೆ? ಅದನ್ನ ಹಿಡಿದಿಟ್ಟಿರುವುದು ನೀರಿನ ತೇವ. ತೇವ ಆರಿದ ಹಾಗೆ ಹಿಡಿತ ಸಡಿಲವಾಗುತ್ತದೆ, ಹೂ ಜಾರುತ್ತದೆ. ದೀಪದ ಬಿಸಿ ಯಾವ ಕಡೆ ಜಾಸ್ತಿ, ಯಾವ ಎಸಳು ದಪ್ಪ, ಕಲ್ಲಿನ ಮೇಲೆ ಎಣ್ಣೆ ಜಿಡ್ಡು ಎಲ್ಲಿದೆ, ಬಾಗಿಲಿಂದ ಗಾಳಿ ಹೇಗೆ ಬರುತ್ತಿದೆ, ಪೂಜಾರಿ ಎಷ್ಟು ಒತ್ತಿ ಹಚ್ಚಿದರು, ಇಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತದೆ.

ಆದರೆ ನಾನು ಹೂವಿಗಿಂತ ಜನರನ್ನ ನೋಡುತ್ತೇನೆ. ಕೊಪ್ಪಳದ ಕಡೆಯ ಒಂದು ಸಣ್ಣ ಗುಡಿಯಲ್ಲಿ ಕಂಡದ್ದು ಹೇಳುತ್ತೇನೆ. ಎಡಗಡೆ ಹೂ ಬಿತ್ತು. ಗಂಡಿನ ಕಡೆಯ ಹಿರಿಯ ಹೆಂಗಸು ಸೆರಗು ಸರಿಮಾಡಿಕೊಂಡು, "ಬೇಡ್ಕೊಳ್ಳೋದ್ರಾಗ ಏನೋ ತಪ್ಪಾಗೇತಿ, ಇನ್ನೊಮ್ಮೆ ಕೇಳ್ರಿ" ಎಂದರು. ಪೂಜಾರಿ ಮತ್ತೆ ಹಚ್ಚಿದರು. ಎರಡನೇ ಸಲವೂ ಎಡಗಡೆಯದೇ. "ಮುಂದಿನ ಸೋಮಾರ ಬಂದ್ರಾತು" ಎಂದರು. ಆ ಮನೆಯವರಿಗೆ ಆ ಹುಡುಗಿ ಬೇಕಾಗಿದ್ದಳು, ದೇವರು ಒಪ್ಪುವ ತನಕ ಅವರು ಕೇಳುವವರೇ. ಸಂಬಂಧ ಬೇಡವಾದವರು ಒಂದು ಹೂ ಬಿದ್ದ ಕೂಡಲೇ ಎದ್ದು ಚಪ್ಪಲಿ ಹುಡುಕುತ್ತಾರೆ. ಹಾಗಾಗಿ ನಿಮ್ಮ ವಿಷಯದಲ್ಲಿ ದೇವರು ಯಾಕೆ ಕೊಡಲಿಲ್ಲ ಎಂದು ಕೊರಗುವುದು ಬಿಡಿ. ಅವರು ಎಷ್ಟು ಸಲ ಕೇಳಿದರು ಎಂದು ಯಾರ ಮೂಲಕವಾದರೂ ವಿಚಾರಿಸಿ.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ನೀವು ಬರೆದ ನಂಬಿಕೆಗಳಲ್ಲಿ ಒಂದೂ ನಾಳೆ ಏನಾಗುತ್ತದೆ ಎಂದು ಹೇಳುವುದಿಲ್ಲ. ಆದರೆ ಎದುರಿಗಿರುವ ಮನೆಯವರ ಮನಸ್ಸಲ್ಲಿ ಏನಿದೆ ಎನ್ನುವುದನ್ನ ಚೆನ್ನಾಗಿ ಹೇಳುತ್ತವೆ. ನಮ್ಮ ಕಡೆ ಯಾರೂ ಮುಖದ ಮೇಲೆ "ನಿಮ್ಮ ಹುಡುಗಿ ಬೇಡ" ಎನ್ನುವುದಿಲ್ಲ. ಹಾಗಂದರೆ ಎರಡು ಊರಿನ ಮುಖ ಕೆಡುತ್ತದೆ, ನಾಳೆ ಯಾವುದೋ ಲಗ್ನದಲ್ಲಿ ಎದುರಾದಾಗ ಮಾತಾಡಿಸುವುದು ಹೇಗೆ? "ಹೆಸರುಬಲ ಕೂಡಿ ಬರ್ಲಿಲ್ರಿ" ಎಂದರೆ ಯಾರಿಗೂ ಅವಮಾನವಿಲ್ಲ. ತಪ್ಪೆಲ್ಲ ನಕ್ಷತ್ರದ ತಲೆಗೆ. ವರದಕ್ಷಿಣೆ ಕಡಿಮೆ ಅನಿಸಿರಬಹುದು. ಹುಡುಗ ಬೇರೆ ಯಾರನ್ನೋ ಇಷ್ಟಪಟ್ಟಿರಬಹುದು. ಸೊಸೆ ಕೆಲಸಕ್ಕೆ ಹೋಗುವುದು ಅತ್ತೆಗೆ ಬೇಡವಾಗಿರಬಹುದು. ನಿಜ ಹೇಳಬೇಕೆಂದರೆ ಈ ನೆಪವನ್ನ ನಾನು ಪೂರ್ತಿ ಬೈಯುವುದೂ ಇಲ್ಲ. ಹೆಣ್ಣಿನ ಕಡೆಯವರೂ ಇದನ್ನೇ ಬಳಸುತ್ತಾರೆ. ಕುಡಿಯುವ ಗಂಡಿನ ಸಂಬಂಧವನ್ನ ಜಗಳವಿಲ್ಲದೆ ತಪ್ಪಿಸಲು ಎಷ್ಟೋ ತಾಯಂದಿರಿಗೆ ಎಡಗಡೆ ಬಿದ್ದ ಹೂವೇ ಗತಿ.

ನಂಬಿಕೆ ಎಲ್ಲಿ ತೆರೆದುಕೊಳ್ಳುತ್ತದೆ, ಎಲ್ಲಿ ಬಾಯಿ ಮುಚ್ಚುತ್ತದೆ ಎಂದು ಗಮನಿಸಿ. ಸೋದರಮಾವನಿಗೆ ಕೊಡುವಾಗ, ಅತ್ತೆಯ ಮಗನಿಗೆ ಕೊಡುವಾಗ ಪಂಚಾಂಗ ಹೊರಗೆ ಬರುವುದೇ ಅಪರೂಪ. "ಸಂಬಂಧದಾಗ ಏನ್ ನೋಡೋದ್ರಿ" ಎನ್ನುತ್ತಾರೆ. ಆಸ್ತಿ ಮನೆಯಲ್ಲೇ ಉಳಿಯುತ್ತದೆ, ಹುಡುಗಿ ಕಣ್ಣೆದುರು ಇರುತ್ತಾಳೆ, ಯಾರಿಗೂ ಮುರಿಯುವ ಮನಸ್ಸಿಲ್ಲ, ಹಾಗಾಗಿ ಮೂಲಾನೂ ಇಲ್ಲ ಆಶ್ಲೇಷಾನೂ ಇಲ್ಲ. ವಿಚಿತ್ರ ಏನೆಂದರೆ, ನಿಜವಾಗಿ ಪರೀಕ್ಷೆ ಮಾಡಿಸಬೇಕಾದದ್ದು ಅಲ್ಲಿಯೇ. ರಕ್ತಸಂಬಂಧದ ಮದುವೆ ಜಾಸ್ತಿ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಒಂದೇ ಮನೆತನದ ಇಬ್ಬರಲ್ಲೂ ಒಂದೇ ಕಾಯಿಲೆಯ ಜೀನ್ ಅಡಗಿದ್ದರೆ ಮಗುವಿಗೆ ಅದು ಎರಡೂ ಕಡೆಯಿಂದ ಬಂದುಬಿಡುವ ಅಪಾಯ ಹೆಚ್ಚು. ಸೋದರಮಾವನ ಮದುವೆಯಲ್ಲಿ ಆ ಅಪಾಯ ಇನ್ನೂ ಹೆಚ್ಚು. ಅದಕ್ಕೆ ಡಾಕ್ಟರ ಹತ್ತಿರ ಹೋಗುವವರು ಕಡಿಮೆ. ಹೊರಗಿನ ಸಂಬಂಧ ಬಂದಾಗ ಮಾತ್ರ ಆಕಾಶ ನೋಡುತ್ತಾರೆ. ಮಠಗಳಲ್ಲಿ ಸಾಮೂಹಿಕ ವಿವಾಹ ಆಗುತ್ತವಲ್ಲ, ಅಲ್ಲೂ ಅಷ್ಟೇ. ಹತ್ತಾರು ಜೋಡಿ, ಒಂದೇ ಮುಹೂರ್ತ, ಒಂದೇ ಸಲ ತಾಳಿ. ಎಲ್ಲರ ತಾರಾಬಲ ಒಂದೇ ಗಳಿಗೆಗೆ ಹೇಗೆ ಕೂಡಿತು ಎಂದು ಊಟಕ್ಕೆ ಕೂತವರು ಯಾರೂ ಕೇಳುವುದಿಲ್ಲ.

21 ಸಾವಿರದ ಪೂಜೆಗೆ ಬರೋಣ. ಜಾತಕವೇ ಇಲ್ಲದವರಿಗೆ ಕುಜ ಯಾವ ಮನೆಯಲ್ಲಿ ಕೂತಿದ್ದಾನೆ ಎಂದು ಆ ಪುಣ್ಯಾತ್ಮರಿಗೆ ಹೇಗೆ ಗೊತ್ತಾಯಿತು? ಮೊದಲು ಇದನ್ನ ಅಮ್ಮನ ಮುಂದೆ ಕೇಳಿ. ಹುಟ್ಟಿದ ಹೊತ್ತು, ಊರು ಎರಡೂ ಇಲ್ಲದೆ ಜಾತಕದ ಲಗ್ನ, ಅಂದರೆ ಹುಟ್ಟಿದ ಗಳಿಗೆಯಲ್ಲಿ ಮೂಡುತ್ತಿದ್ದ ರಾಶಿ, ಹಾಕಲು ಅವರ ಶಾಸ್ತ್ರದಲ್ಲೇ ಆಗುವುದಿಲ್ಲ.

ಕುಜದೋಷದ ಲೆಕ್ಕವನ್ನೂ ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ, ಟೀಚರ್ ತಾನೇ ನೀವು. ಜಾತಕದಲ್ಲಿ 12 ಮನೆ. ಲಗ್ನದಿಂದ 2, 4, 7, 8, 12 ಈ ಐದರಲ್ಲಿ ಎಲ್ಲಾದರೂ ಕುಜ ಇದ್ದರೆ ದೋಷ. 12ರಲ್ಲಿ 5, ಅಂದರೆ ನೂರಕ್ಕೆ 42 ಜನರಿಗೆ ದೋಷ ಇದ್ದೇ ಇರುತ್ತದೆ. ಕೆಲವರು ಒಂದನೇ ಮನೆಯನ್ನೂ ಸೇರಿಸುತ್ತಾರೆ, ಆಗ ಅರ್ಧ ಊರು. ಲಗ್ನದಿಂದ ಮಾತ್ರ ನೋಡಿದರೆ ಸಾಲದು, ಚಂದ್ರನಿಂದಲೂ ಶುಕ್ರನಿಂದಲೂ ನೋಡಬೇಕು ಎನ್ನುವವರು ಇದ್ದಾರೆ. ಮೂರೂ ಕಡೆಯಿಂದ ನೋಡಿದರೆ ಎಲ್ಲಾದರೂ ಒಂದು ಕಡೆ ಸಿಕ್ಕಿಬೀಳುವವರು ನೂರಕ್ಕೆ ಸುಮಾರು 80. ಹತ್ತರಲ್ಲಿ ಎಂಟು ಜನರಿಗೆ ಇರುವುದನ್ನ ದೋಷ ಅನ್ನುತ್ತಾರಾ? ಗಿರಾಕಿ ಬೇಕಾದಷ್ಟು ಸಿಗುವ ಹಾಗೆ ಬಲೆ ಅಗಲ ಮಾಡಿಟ್ಟಿದ್ದಾರೆ, ಅಷ್ಟೇ. ಪರಿಹಾರ ಅಂತ ಮಣ್ಣಿನ ಗಡಿಗೆಗೋ ಬಾಳೆಗಿಡಕ್ಕೋ ತಾಳಿ ಕಟ್ಟಿಸಿ, ಆಮೇಲೆ ಗಡಿಗೆ ಒಡೆದು, ಗಿಡ ಕಡಿದು, ದೋಷ ಅದಕ್ಕೆ ಹೋಯಿತು ಎನ್ನುತ್ತಾರೆ. ಇದರಲ್ಲಿ ನನಗೆ ಸಿಟ್ಟು ಬರುವುದು ಹಣದ ಬಗ್ಗೆ ಅಲ್ಲ. ಅಂಥ ಪೂಜೆ ಮಾಡಿಸಿದ ಸುದ್ದಿ ಊರಲ್ಲಿ ಹಬ್ಬುತ್ತದೆ. ಮುಂದಿನ ಸಂಬಂಧದವರ ಕಿವಿಗೆ ಮೊದಲು ಬೀಳುವುದೇ "ಆ ಹುಡುಗೀಗೆ ಏನೋ ದೋಷ ಇತ್ತಂತ" ಎನ್ನುವ ಮಾತು. ಅವರು ಹಿಂದೆ ಸರಿಯುತ್ತಾರೆ. ಮದುವೆ ತಡವಾಗುತ್ತದೆ. ಆಗ, ನೋಡಿ, ದೋಷ ಇದ್ದದ್ದು ನಿಜ ಎನ್ನುತ್ತಾರೆ.

ಗುರುಬಲವೂ ಹೀಗೆಯೇ, ಬೇರೆ ದಿಕ್ಕಿನಲ್ಲಿ. ಗುರು ಒಂದೊಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ. ನಿಮ್ಮ ರಾಶಿಯಿಂದ 2, 5, 7, 9, 11ರಲ್ಲಿ ಇದ್ದರೆ ಗುರುಬಲ. 12 ವರ್ಷದಲ್ಲಿ 5 ವರ್ಷ ಬರುತ್ತದೆ, ಎರಡು ವರ್ಷಕ್ಕಿಂತ ಹೆಚ್ಚು ಕಾಯುವ ಪ್ರಶ್ನೆಯೇ ಇಲ್ಲ. ಗುರುಬಲ ಬಂತು ಎಂದ ಕೂಡಲೇ ಅಪ್ಪ ನಾಲ್ಕು ಜನರಿಗೆ ಹೇಳುತ್ತಾರೆ, ಅಮ್ಮ ಫೋಟೋ ತೆಗೆಸುತ್ತಾರೆ, ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಬಯೋಡೇಟಾ ಹಾಕುತ್ತಾರೆ. ಇಷ್ಟೆಲ್ಲ ಓಡಾಡಿದ ಮೇಲೆ ಮದುವೆ ಆಗದೆ ಇರುತ್ತದೆಯೇ? ಆದರೆ ಇದೇ ಮಾತು ಹದಿನಾರರ ಹುಡುಗಿಯ ಮನೆಯಲ್ಲಿ "ಈ ವರ್ಷ ದಾಟಿದ್ರ ಗುರುಬಲ ಇಲ್ಲ, ಮಾಡಿ ಮುಗಿಸ್ರಿ" ಎಂದಾದರೆ ವಿಷವಾಗುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಬಾಲ್ಯವಿವಾಹ ಇನ್ನೂ ನಿಂತಿಲ್ಲ. ನಿಮ್ಮ ಶಾಲೆಯಲ್ಲಿ ಅಂಥದ್ದು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಿದ್ದುಪಡಿ ತಂದ ಮೇಲೆ ನಮ್ಮಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ, ಅಂದರೆ ಅದು ಮದುವೆಯೇ ಅಲ್ಲ.

ನಂಬಿಕೆ ಮದುವೆಯನ್ನೇ ಇಲ್ಲವಾಗಿಸಿದ್ದೂ ಈ ಸೀಮೆಯಲ್ಲೇ. ಹುಡುಗಿಯ ಕೂದಲು ಗಂಟುಗಟ್ಟಿ ಜಡೆಯಾದರೆ "ದೇವಿ ಕರದಾಳ" ಎಂದು ಮುತ್ತು ಕಟ್ಟಿ ದೇವದಾಸಿ ಮಾಡಿಬಿಡುತ್ತಿದ್ದರು. ಕೂದಲು ಬಹಳ ದಿನ ಬಾಚದೆ, ತೊಳೆಯದೆ, ಜಿಡ್ಡು ಕೊಳೆ ಸೇರಿ ಹೆಣೆದುಕೊಂಡರೆ ಜಡೆಯಾಗುತ್ತದೆ. ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದವರಿಗೂ ಆಗುತ್ತದೆ. ಬಿಡಿಸಲು ಆಗದಿದ್ದರೆ ಒಂದು ಕತ್ತರಿ ಸಾಕು. ಕತ್ತರಿ ಹಾಕಲು ಹೆದರಿ ಎಷ್ಟೋ ಬಡ ಮನೆಯ ಮಕ್ಕಳ ಬದುಕನ್ನೇ ಕತ್ತರಿಸಿದರು. ಕರ್ನಾಟಕ 1982ರಲ್ಲೇ ಕಾನೂನು ಮಾಡಿ ಇದನ್ನ ನಿಷೇಧಿಸಿತು. ಮುತ್ತು ಕಟ್ಟಿಸಿಕೊಂಡ ಹೆಣ್ಣು ಮದುವೆಯಾದರೆ ಆ ಮದುವೆ ಸಿಂಧು ಎಂದೂ ಅದೇ ಕಾನೂನು ಹೇಳಿತು. ನಿಮ್ಮ ಪ್ರಶ್ನೆಯಲ್ಲಿ ಇದು ಇರಲಿಲ್ಲ. ಆದರೂ ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಕೂತು ಮದುವೆಯ ನಂಬಿಕೆ ಬಗ್ಗೆ ಮಾತಾಡುವವರು ಇದನ್ನ ಬಿಟ್ಟು ಮಾತಾಡಬಾರದು.

ಇನ್ನು ಹಗುರಾದವು. ಎರಡು ಸುಳಿಯ ಚಿಂತೆ ಇವತ್ತೇ ಬಿಡಿ. ಹೊಟ್ಟೆಯಲ್ಲಿದ್ದಾಗ ತಲೆಯ ಕೂದಲಿನ ಬುಡ ಯಾವ ದಿಕ್ಕಿಗೆ ಬಾಗಿ ಬೆಳೆಯಿತು ಎನ್ನುವುದರಿಂದ ಸುಳಿ ಆಗುತ್ತದೆ. ಕೆಲವರಿಗೆ ಎರಡು ಬರುತ್ತವೆ. ಹುಡುಗನಿಗೆ ಎರಡು ಸುಳಿ ಇದ್ದರೆ "ಲೇ, ಎರಡು ಮದ್ವಿ ಮಗನ" ಎಂದು ನಗುತ್ತಾರೆ, ಹುಡುಗಿಗೆ ಇದ್ದರೆ ಮುಖ ಸಣ್ಣ ಮಾಡುತ್ತಾರೆ. ಸುಳಿ ಒಂದೇ ಥರ, ನೋಡುವ ಕಣ್ಣು ಬೇರೆ. ಕಾಲಿನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ ಇದ್ದರೆ ಗಂಡನನ್ನ ಆಳುತ್ತಾಳೆ, ಎಡಗಣ್ಣು ಹಾರಿದರೆ ಹೆಣ್ಣಿಗೆ ಶುಭ, ಬಿಕ್ಕಳಿಕೆ ಬಂದರೆ ಯಾರೋ ನೆನೆಸುತ್ತಿದ್ದಾರೆ, ಅಂಗೈ ಎರಡೂ ಜೋಡಿಸಿದಾಗ ರೇಖೆ ಕೂಡಿ ಅರ್ಧಚಂದ್ರ ಆದರೆ ಚೆಂದದ ಗಂಡ. ಇವು ಯಾರ ಮದುವೆಯನ್ನೂ ಮುರಿದದ್ದು ನನಗೆ ಗೊತ್ತಿಲ್ಲ. ಹಾಸ್ಟೆಲಿನ ಹುಡುಗಿಯರಿಗೆ ರಾತ್ರಿ ಹೊತ್ತು ಕಳೆಯಲು ಏನಾದರೂ ಬೇಕಲ್ಲ, ಇರಲಿ ಬಿಡಿ.

ಹಸಿ ಅಕ್ಕಿ ತಿಂದರೆ ಮದುವೆಯಲ್ಲಿ ಮಳೆ ಎನ್ನುವುದನ್ನ ಮಾತ್ರ ನಮ್ಮ ಕಡೆ ಬೈಗುಳವಾಗಿ ಯಾಕೆ ಹೇಳುತ್ತಾರೋ ತಿಳಿಯದು. ಲಗ್ನದ ಸೀಸನ್ ಅಂದರೆ ಏಪ್ರಿಲ್, ಮೇ. ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಪೆಂಡಾಲ್ ಕೆಳಗೆ ಬೆವರು ಸುರಿಸುತ್ತ ಕೂತ ಬೀಗರಿಗೆ ನಾಲ್ಕು ಹನಿ ಬಿದ್ದರೆ ಮದುಮಗಳಿಗೆ ಕೈ ಮುಗಿದಾರು.

ಗೋರಂಟಿ ವಿಷಯ ನೀವು ಕೇಳಿಲ್ಲ, ಆದರೆ ಅಜ್ಜಿ ಹೇಳಿರದೆ ಇರುವುದಿಲ್ಲ. ಕೆಂಪು ಗಾಢವಾದಷ್ಟೂ ಗಂಡನ ಪ್ರೀತಿ ಜಾಸ್ತಿ ಎನ್ನುವ ಮಾತು. ಗೋರಂಟಿ ಎಲೆಯಲ್ಲಿ ಲಾಸೋನ್ ಎಂಬ ಬಣ್ಣ ಇದೆ. ಅದು ಚರ್ಮದ ಕೆರಾಟಿನ್ ಜತೆ ಅಂಟಿಕೊಳ್ಳುತ್ತದೆ. ಅಂಗೈ ಅಂಗಾಲಿನ ಚರ್ಮ ದಪ್ಪ, ಅದಕ್ಕೇ ಅಲ್ಲಿ ಚೆನ್ನಾಗಿ ಹತ್ತುತ್ತದೆ, ಮುಂಗೈ ಮೇಲೆ ಮಾಸಲು. ಅರೆಯುವಾಗ ನಿಂಬೆರಸ ಹಾಕುವುದು ಎಲೆಯಿಂದ ಬಣ್ಣ ಬಿಡಲಿ ಎಂದು. ರಾತ್ರಿಯೆಲ್ಲ ಕೈಯಲ್ಲಿ ಇಟ್ಟುಕೊಂಡರೆ, ಕೈ ಬೆಚ್ಚಗಿದ್ದರೆ ಇನ್ನೂ ಹತ್ತುತ್ತದೆ. ಕೆರೆದು ತೆಗೆದಾಗ ಕಿತ್ತಳೆ ಬಣ್ಣ, ಗಾಳಿ ತಾಗಿ ಒಂದೆರಡು ದಿನಕ್ಕೆ ಕಡು ಕೆಂಪು. ಹಾಗಾಗಿ ಮದುವೆ ಹಿಂದಿನ ರಾತ್ರಿಗಿಂತ ಎರಡು ದಿನ ಮೊದಲೇ ಹಚ್ಚಿಕೊಂಡರೆ ಗಂಡನ ಪ್ರೀತಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಬಂದಿರುತ್ತದೆ! ಅಂಗಡಿಯಲ್ಲಿ ಸಿಗುವ, ಅರ್ಧ ಗಂಟೆಯಲ್ಲಿ ಕಪ್ಪಾಗುವ ಕೋನ್ ಮಾತ್ರ ಬೇಡ. ಅಂಥವುಗಳಲ್ಲಿ ಎಷ್ಟೋ ಸಲ ಕೂದಲಿಗೆ ಹಾಕುವ ರಾಸಾಯನಿಕ ಬಣ್ಣ ಬೆರೆಸಿರುತ್ತಾರೆ, ಕೈ ಗುಳ್ಳೆ ಏಳುತ್ತದೆ.

ನಿಮ್ಮ ಅಜ್ಜಿಯ ಸಕ್ಕರೆ ಆರತಿಗೆ ನಾನು ವಿರೋಧಿ ಅಲ್ಲ, ಸ್ವಲ್ಪ ಪಕ್ಷಪಾತಿಯೇ. ದೀಪಾವಳಿ ಮುಗಿದು ಕಾರ್ತಿಕದ ಹುಣ್ಣಿಮೆ ಹತ್ತಿರ ಬಂದಾಗ ಕೊಪ್ಪಳ, ಗಂಗಾವತಿ ಕಡೆಯ ಬಜಾರಿನಲ್ಲಿ ಸಕ್ಕರೆ ಗೊಂಬೆ ಸಾಲಾಗಿ ನಿಂತಿರುತ್ತವೆ. ಕಟ್ಟಿಗೆಯ ಅಚ್ಚು ಎರಡು ಹೋಳು. ಎರಡನ್ನೂ ಜೋಡಿಸಿ ದಾರದಿಂದ ಬಿಗಿದು, ಕುದಿಯುವ ಸಕ್ಕರೆ ಪಾಕ ಸುರಿದು, ಆರಿದ ಮೇಲೆ ಬಿಚ್ಚಿದರೆ ಒಳಗೆ ಆನೆ, ನವಿಲು, ಗಿಳಿ, ತೇರು. ಬಿಳಿ, ಗುಲಾಬಿ, ಹಳದಿ. ಅದನ್ನ ತಟ್ಟೆಯಲ್ಲಿಟ್ಟು, ನಡುವೆ ದೀಪ ಹಚ್ಚಿ, ಹೊಸ ಸೀರೆ ಉಟ್ಟ ಹುಡುಗಿಯರು ಗುಂಪಾಗಿ ಹಾಡುತ್ತ ಗೌರಿಗೆ ಬೆಳಗಲು ಹೋಗುತ್ತಾರೆ. ಬೆಳಗಿದರೆ ಒಳ್ಳೆಯ ಗಂಡ ಸಿಗುತ್ತಾನೆ ಎಂಬ ನಂಬಿಕೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರೇ ಸೀರೆ, ಬಳೆ, ದಂಡಿ, ಸಕ್ಕರೆ ಆರತಿ ಹೊತ್ತು ಬರುತ್ತಾರೆ.

ಇದರಲ್ಲಿ ಏನು ನಡೆಯುತ್ತದೆ ಯೋಚಿಸಿ. ವರ್ಷವೆಲ್ಲ ಮನೆ, ಹೊಲ ಎಂದು ಇದ್ದ ಮದುವೆ ವಯಸ್ಸಿನ ಹುಡುಗಿಯರು ಒಂದು ಸಂಜೆ ಚೆಂದಾಗಿ ಸಿಂಗರಿಸಿಕೊಂಡು ಊರ ನಡುವೆ ನಡೆದು ಹೋಗುತ್ತಾರೆ. ಮಗನಿಗೆ ಹೆಣ್ಣು ಹುಡುಕುವ ಎಲ್ಲ ತಾಯಂದಿರೂ ಕಟ್ಟೆಯ ಮೇಲೆ ಕೂತು ನೋಡುತ್ತಾರೆ. "ಆ ಗಿಳಿ ಹಸರು ಸೀರೀ ಹುಡುಗಿ ಯಾರ ಮಗಳು?" ಎಂಬ ಮಾತು ಅಲ್ಲಿ ಹುಟ್ಟುತ್ತದೆ. ಗೌರಿ ಗಂಡನ್ನ ಕೊಟ್ಟಳೋ ಕಟ್ಟೆಯ ಮೇಲಿನ ಹೆಂಗಸರು ಕೊಟ್ಟರೋ, ಕೆಲಸವಂತೂ ಆಗುತ್ತಿತ್ತು. ಯಾರ ಮೇಲೂ ಕಳಂಕವಿಲ್ಲ, ಖರ್ಚೂ ಇಲ್ಲ. ಹಬ್ಬ ಮುಗಿದ ಮೇಲೆ ಆನೆಯನ್ನ ಕುಟ್ಟಿ ಚಹಾಕ್ಕೆ ಹಾಕಿದರೆ ಆಯಿತು. ಧಾರಾಳವಾಗಿ ಬೆಳಗಿ. ಮದುಮಗಳ ಉಳಿದ ಅರಿಶಿನವನ್ನ ನಿಮ್ಮ ಕೆನ್ನೆಗೆ ಯಾರಾದರೂ ಹಚ್ಚಿದರೂ ಬೇಡ ಅನ್ನಬೇಡಿ.

ಇಂಥ ಮಾತಿನಲ್ಲಿ ನಾನು ಮೊದಲನೆಯವಳೇನೂ ಅಲ್ಲ. ನಿಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕಿದ ಶಾಸನದಿಂದ ಅಶೋಕನ ಹೆಸರು ಜಗತ್ತಿಗೆ ಖಚಿತವಾಯಿತು ಎಂದು ಮಕ್ಕಳಿಗೆ ಪಾಠ ಹೇಳಿಯೇ ಇರುತ್ತೀರಿ. ಅದೇ ಅಶೋಕನ ಒಂಬತ್ತನೇ ಬಂಡೆಗಲ್ಲು ಶಾಸನ ನಮಗೆ ದೂರದ್ದಲ್ಲ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೂ ಇದೆ. ಅದರಲ್ಲಿ ಅವನು ಹೇಳುತ್ತಾನೆ: ಕಾಯಿಲೆಯಲ್ಲಿ, ಮಕ್ಕಳ ಮದುವೆಯಲ್ಲಿ, ಹೆರಿಗೆಯಲ್ಲಿ, ಪ್ರಯಾಣದಲ್ಲಿ ಜನ ನಾನಾ ಶುಭಕಾರ್ಯ ಮಾಡುತ್ತಾರೆ, ಹೆಂಗಸರಂತೂ ಹುರುಳಿಲ್ಲದ್ದನ್ನ ಬಹಳ ಮಾಡುತ್ತಾರೆ. ಮಾಡಲಿ, ಆದರೆ ಫಲ ಕಡಿಮೆ. ಆಳುಗಳನ್ನ ಸರಿಯಾಗಿ ನಡೆಸಿಕೊಳ್ಳುವುದು, ಹಿರಿಯರನ್ನ ಗೌರವಿಸುವುದು, ಇದರಲ್ಲಿ ಫಲ ಹೆಚ್ಚು. ಕ್ರಿ.ಪೂ. 3ನೇ ಶತಮಾನದ ರಾಜನೊಬ್ಬ ಮದುವೆಯ ಶಾಸ್ತ್ರಗಳನ್ನ ನಿಷೇಧಿಸದೆ ಬಿಟ್ಟದ್ದು ನನಗೆ ಹಿಡಿಸುತ್ತದೆ. ಹೆಂಗಸರ ಕಡೆಗೇ ಬೊಟ್ಟು ಮಾಡಿದ್ದು ಹಿಡಿಸುವುದಿಲ್ಲ. ಪಂಚಾಂಗ ಬಿಡಿಸಿ ಕೂರುವವರಲ್ಲಿ ಗಂಡಸರೇನು ಕಡಿಮೆ ಇದ್ದಾರಾ?

ಕೊನೆಗೆ ನಿಮ್ಮ ತಮ್ಮ. ನೀವು ಕೇಳಿದ್ದರಲ್ಲಿ ತಡ ಮಾಡಬಾರದ ವಿಷಯ ಇದೊಂದೇ.

ಹಂಪಿಯ ಕಥೆ ಅವನಿಗೆ ಗೊತ್ತಿರಬೇಕು. ಪಂಪಾದೇವಿಗೆ ವಿರೂಪಾಕ್ಷನ ಮೇಲೆ ಮನಸ್ಸು. ತಪಸ್ಸಿಗೆ ಕೂತ ಶಿವನನ್ನ ಎಬ್ಬಿಸಲು ದೇವತೆಗಳು ಮನ್ಮಥನನ್ನ ಕಳಿಸಿದರು. ಬಾಣ ಬಿಟ್ಟವನು ಹೇಮಕೂಟದಲ್ಲಿ ಬೂದಿಯಾದ. ಗುಡಿಯ ಪಕ್ಕದ ಮನ್ಮಥ ಹೊಂಡ ಇವತ್ತಿಗೂ ಅವನ ಹೆಸರಲ್ಲಿದೆ. ಪಂಪೆ ತಾನೇ ತಪಸ್ಸು ಮಾಡಿ ಶಿವನ ಮನಸ್ಸು ಗೆದ್ದಳು. ಅವರ ನಿಶ್ಚಿತಾರ್ಥವೇ ಡಿಸೆಂಬರ್ ಹೊತ್ತಿಗೆ ಬರುವ ಫಲಪೂಜೆ, ಲಗ್ನ ಚೈತ್ರದಲ್ಲಿ. ಅಂದರೆ ವಶೀಕರಣ ನಮ್ಮ ಪುರಾಣದಲ್ಲೇ ಫೇಲಾದ ಪ್ರಯೋಗ.

ಬಸ್ಸಿನ ಸೀಟಿನ ಹಿಂದೆ, ಕಂಬದ ಮೇಲೆ, ಫೋನಿನಲ್ಲಿ "24 ಗಂಟೆಯಲ್ಲಿ ಪರಿಹಾರ" ಎಂದು ಬರುವ ಈ ಜಾಹೀರಾತಿನವರ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಸಣ್ಣ ಮೊತ್ತ. ಹುಡುಗಿಯ ಫೋಟೋ, ಹೆಸರು, ಅವಳ ತಾಯಿಯ ಹೆಸರು, ನಂಬರು ಕೇಳುತ್ತಾರೆ. ನಾಲ್ಕು ದಿನ ಬಿಟ್ಟು "ಪೂಜೆ ಅರ್ಧಕ್ಕೆ ನಿಂತಿದೆ, ಈಗ ಬಿಟ್ಟರೆ ನಿನಗೇ ತಿರುಗುತ್ತದೆ" ಎಂದು ದೊಡ್ಡ ಮೊತ್ತ. ಕೊಡದಿದ್ದರೆ ಫೋಟೋ, ಮೆಸೇಜು ಹುಡುಗಿಯ ಮನೆಗೆ ಕಳಿಸುತ್ತೇವೆ ಎಂಬ ಬೆದರಿಕೆ. ಹೆದರಿಕೆ, ನಾಚಿಕೆ ಎರಡೂ ಇರುವ ಹುಡುಗರು ಪೊಲೀಸರ ಹತ್ತಿರ ಹೋಗುವುದಿಲ್ಲ ಎಂಬ ಧೈರ್ಯದ ಮೇಲೆ ಈ ದಂಧೆ ನಿಂತಿದೆ.

ಹಾಗಾಗಿ ಬೈಯಬೇಡಿ. ಬೈದರೆ ಇನ್ನೂ ಎಷ್ಟು ಹಾಕಿದ್ದಾನೆ ಎನ್ನುವುದನ್ನ ಮುಚ್ಚಿಡುತ್ತಾನೆ. ಇನ್ನು ಒಂದು ರೂಪಾಯಿಯೂ ಹೋಗಬಾರದು. ಚಾಟ್, ಹಣ ಹೋದ ರಸೀದಿ, ಯುಪಿಐ ಐಡಿ, ನಂಬರು ಯಾವುದನ್ನೂ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಇವತ್ತೇ ಫೋನ್ ಮಾಡಿ. ಹಣ ಆ ಖಾತೆಯಿಂದ ಮುಂದೆ ಹೋಗುವ ಮೊದಲು ತಡೆಯಲು ಸಾಧ್ಯವಿರುವುದು ಬೇಗ ಹೇಳಿದವರಿಗೆ. ಬ್ಯಾಂಕಿಗೂ ತಿಳಿಸಿ. ಮಾಟ, ವಾಮಾಚಾರದ ಹೆಸರಲ್ಲಿ ಹೆದರಿಸಿ ಸುಲಿಯುವವರ ವಿರುದ್ಧ ಕರ್ನಾಟಕದಲ್ಲಿ 2017ರ ಕಾಯ್ದೆಯೂ ಇದೆ, 2020ರಿಂದ ಜಾರಿಯಲ್ಲಿದೆ. ಠಾಣೆಯಲ್ಲಿ ದೂರು ಬರೆಸುವಾಗ ಅದನ್ನೂ ಹೇಳಿ.

ಆ ಹುಡುಗಿಯ ಫೋಟೋ, ನಂಬರು ಆ ಜನರ ಕೈಗೆ ಹೋಗಿದ್ದರೆ ಅದು ಅವಳಿಗೆ ತಿಳಿಯಬೇಕು. ತಮ್ಮ ಹೇಳುವುದು ಬೇಡ, ನೀವೇ ಹೆಣ್ಣುಮಗಳಾಗಿ ಒಂದು ಸಲ ಫೋನ್ ಮಾಡಿ ಹೇಳಿ, ಯಾವುದಾದರೂ ಕರೆ ಬಂದರೆ ಎಚ್ಚರವಾಗಿರುತ್ತಾಳೆ. ಅವಳು ಮಾತು ಬಿಟ್ಟಿದ್ದಾಳೆ ಎಂದರೆ ಬೇಡ ಎಂದು ಹೇಳಿದ ಹಾಗೆಯೇ. ಬೇಡ ಎಂದ ಮೇಲೂ ಹಿಂದೆ ಬೀಳುವುದು, ಮತ್ತೆ ಮತ್ತೆ ಮೆಸೇಜ್ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ ಎಂದು ಅವನಿಗೆ ತಣ್ಣಗೆ ತಿಳಿಸಿ.

ನಿಮಗೆ ಮುಂದಿನ ಸಂಬಂಧ ಬಂದಾಗ, ಚಹಾ ಅವಲಕ್ಕಿ ಕೊಡುವ ಮೊದಲೇ ಅಪ್ಪನ ಕೈಲಿ ಒಂದು ಮಾತು ಹೇಳಿಸಿ: "ನಮ್ಮಲ್ಲಿ ಜಾತಕ ಇಲ್ಲ, ಹೆಸರುಬಲ ನೋಡ್ಸೋದು ಬೇಡ. ನಿಮಗ ನೋಡ್ಲೇಬೇಕು ಅಂದ್ರ ಈಗ ಹೇಳ್ರಿ, ಇಬ್ರಿಗೂ ಹೊತ್ತು ಉಳೀತದ." ಅದಕ್ಕೆ ಮುಖ ಗಂಟು ಹಾಕುವ ಮನೆಯವರು ಹೂ ಬಿದ್ದ ಮೇಲೆ ಎದ್ದು ಹೋಗುವ ಬದಲು ಅವತ್ತೇ ಎದ್ದು ಹೋಗುತ್ತಾರೆ. 21 ಸಾವಿರವನ್ನ ನಿಮ್ಮ ಹೆಸರಿನ ಖಾತೆಗೆ ಹಾಕಿಸಿ, ಪಾಸ್‌ಬುಕ್ ಅಮ್ಮನ ಕೈಗೇ ಕೊಡಿ.